ಚೆಂಡು ಓಡುತ್ತದೆ, ಕೈ ಕೂತಿರುತ್ತದೆ: ಟ್ರ್ಯಾಕ್‌ಬಾಲ್ ಜೊತೆ ಮೂರು ತಿಂಗಳು

ನಾನು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. 14 ವರ್ಷದಿಂದ ಇದೇ ಕೆಲಸ. ದಿನಕ್ಕೆ ಏಳೆಂಟು ಗಂಟೆ ನನ್ನ ಬಲಗೈ ಮೌಸ್ ಮೇಲೆಯೇ ಇರುತ್ತದೆ. ಚಿತ್ರ ಎಳೆದು ಕೂರಿಸುವುದು, ಶೀರ್ಷಿಕೆಯನ್ನು ಒಂದು ಗೆರೆ ಮೇಲೆ ಸರಿಸುವುದು, ಅಡಿಟಿಪ್ಪಣಿಯನ್ನು ಹಿಂದಿನ ಪುಟಕ್ಕೆ ದಬ್ಬುವುದು, ಎಲ್ಲವೂ ಆ ಕೈಯದೇ ಕೆಲಸ. ಹೋದ ವರ್ಷ ಒಂದು ಬೆಳಿಗ್ಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋದೆ. ಆಗಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಯಾರೋ ದಾರ ಎಳೆದು ಬಿಗಿದು ಕಟ್ಟಿದ ಹಾಗೆ ನೋವು.

ವೈದ್ಯರು ಜಾಸ್ತಿ ಮಾತಾಡಲಿಲ್ಲ. "ಮೇಜಿನ ಮೇಲೆ ಕೈ ಹೇಗೆ ಇಡ್ತೀರಿ, ಇಲ್ಲೇ ತೋರಿಸಿ" ಎಂದರು. ತೋರಿಸಿದೆ. ಮಣಿಕಟ್ಟು ಮೇಲಕ್ಕೆ ಬಾಗಿ, ಕಿರುಬೆರಳಿನ ಕಡೆಗೆ ತಿರುಗಿ ಕೂತಿತ್ತು.

"ಹೀಗೆ ಎಷ್ಟು ಹೊತ್ತು?"

"ಬೆಳಿಗ್ಗೆಯಿಂದ ಸಂಜೆವರೆಗೆ, ಡಾಕ್ಟ್ರೇ."

ಎರಡು ವಾರ ಕೈಗೆ ವಿಶ್ರಾಂತಿ, ಒಂದಿಷ್ಟು ವ್ಯಾಯಾಮ, ಗಂಟೆಗೊಮ್ಮೆ ಎದ್ದು ಓಡಾಡುವುದು, ಆಗುವುದಾದರೆ ಸಾಧನ ಬದಲಿಸುವುದು. ಅವರು ಬರೆದುಕೊಟ್ಟದ್ದು ಇಷ್ಟೇ. ಆ ಕೊನೆಯ ಸಾಲಿನಿಂದಾಗಿ ನನ್ನ ಮೇಜಿಗೆ ಟ್ರ್ಯಾಕ್‌ಬಾಲ್, ಅಂದರೆ ಚೆಂಡು ಉರುಳಿಸಿ ಕರ್ಸರ್ ಓಡಿಸುವ ಸಾಧನ, ಬಂತು. ಈಗ ಮೂರು ತಿಂಗಳಾಯಿತು. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ನಾನು ಬರೆಯುವ ಒಳ್ಳೆಯದು, ಕೆಟ್ಟದ್ದು ಹೆಚ್ಚುಕಮ್ಮಿ ಈ ಜಾತಿಯ ಸಾಧನಕ್ಕೆಲ್ಲ ಸೇರಿದ್ದು.

ವಿಶ್ರಾಂತಿಯ ಆ ಎರಡು ವಾರ ಎಡಗೈಯಲ್ಲಿ ಪುಟ ತಿರುಗಿಸುತ್ತಾ ಕೂತಿದ್ದೆ. ಮನುಷ್ಯನಿಗೂ ಕಂಪ್ಯೂಟರಿಗೂ ನಡುವಿನ ಒಡನಾಟವನ್ನೇ ಅಧ್ಯಯನ ಮಾಡುವ ಒಂದು ಕ್ಷೇತ್ರವಿದೆ. ಎಚ್‌ಸಿಐ ಅಂತ ಕರೆಯುತ್ತಾರೆ. ನನ್ನ ಕೈ ಯಾಕೆ ನೋಯುತ್ತಿದೆ ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡು ಆ ಕ್ಷೇತ್ರದ ಹಳೆಯ ಲೇಖನಗಳೊಳಗೆ ಹೋದೆ. ಅಲ್ಲಿ ಓದಿದ್ದು ಈ ವಿಮರ್ಶೆಯೊಳಗೂ ಬರುತ್ತದೆ. ಯಾಕೆಂದರೆ ಅದನ್ನು ಓದದೇ ಹೋಗಿದ್ದರೆ ಮೊದಲ ವಾರವೇ ಈ ಚೆಂಡನ್ನು ವಾಪಸ್ ಕೊಟ್ಟುಬಿಡುತ್ತಿದ್ದೆ.

ಮೊದಲು ವಸ್ತುವನ್ನು ನೋಡೋಣ. ಅಗಲವಾದ, ಸ್ವಲ್ಪ ಇಳಿಜಾರಾದ ಮೈ. ನಡುವೆ ಒಂದು ಗುಂಡಿ. ಅದರಲ್ಲಿ ಕೂತ ಚೆಂಡು, ಬಿಲಿಯರ್ಡ್ಸ್ ಚೆಂಡಿಗಿಂತ ಕೂದಲೆಳೆಯಷ್ಟು ಚಿಕ್ಕದು. ನಾಲ್ಕು ಮೂಲೆಗೆ ನಾಲ್ಕು ಬಟನ್. ಚೆಂಡಿನ ಸುತ್ತ ಒಂದು ಉಂಗುರ, ಅದನ್ನು ತಿರುಗಿಸಿದರೆ ಪುಟ ಮೇಲೆ ಕೆಳಗೆ ಹೋಗುತ್ತದೆ. ಚೆಂಡನ್ನು ಎತ್ತಿ ನೋಡಿದರೆ ಗುಂಡಿಯೊಳಗೆ ಮೂರು ಪುಟ್ಟ ಗಟ್ಟಿ ಮಣಿಗಳಿವೆ. ಇಡೀ ಚೆಂಡು ಆ ಮೂರರ ಮೇಲೆಯೇ ಕೂತು ಜಾರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಕಣ್ಣು. ಚೆಂಡಿನ ಮೇಲ್ಮೈ ಹೇಗೆ ಸರಿಯುತ್ತಿದೆ ಎಂದು ಅದು ನೋಡುತ್ತಿರುತ್ತದೆ. ಕರ್ಸರ್ ಹಾಗೇ ಓಡುತ್ತದೆ. ಮೌಸ್‌ನಲ್ಲಿ ಸಾಧನವೇ ಮೇಜಿನ ಮೇಲೆ ಓಡಾಡಬೇಕು, ಅದರ ಹಿಂದೆ ಕೈಯೂ ಓಡಾಡಬೇಕು. ಇಲ್ಲಿ ಚೆಂಡು ಮಾತ್ರ ಓಡುತ್ತದೆ. ಕೈ ಕೂತಲ್ಲೇ ಕೂತಿರುತ್ತದೆ.

ಹೆಬ್ಬೆರಳಿನಿಂದ ತಿರುಗಿಸುವ ಚಿಕ್ಕ ಚೆಂಡಿನ ಮಾದರಿಗಳೂ ಇವೆ. ಅವು ಮೌಸ್‌ನ ಆಕಾರಕ್ಕೆ ಹತ್ತಿರ, ಹಾಗಾಗಿ ಬೇಗ ಒಗ್ಗುತ್ತವೆ ಅನ್ನುತ್ತಾರೆ. ನನ್ನ ಹೆಬ್ಬೆರಳಿನ ಬುಡ ಮೊದಲೇ ನೋಯುತ್ತಿತ್ತು. ಒಂದು ನೋವನ್ನು ಇನ್ನೊಂದು ಬೆರಳಿಗೆ ದಾಟಿಸುವುದು ಬೇಡ ಎಂದು ಎರಡು ಮೂರು ಬೆರಳು ಸೇರಿ ಉರುಳಿಸುವ ದೊಡ್ಡ ಚೆಂಡನ್ನೇ ಆರಿಸಿಕೊಂಡೆ.

ಇದನ್ನು ನೋಡಿದವರೆಲ್ಲ ಮೌಸ್‌ನ ಹೊಸ ಅವತಾರ ಅಂದುಕೊಳ್ಳುತ್ತಾರೆ. ಅಸಲಿಗೆ ವಯಸ್ಸಿನಲ್ಲಿ ಇದೇ ದೊಡ್ಡಣ್ಣ. 1946ರಲ್ಲೇ ಬ್ರಿಟಿಷ್ ನೌಕಾಪಡೆಗಾಗಿ ರಾಲ್ಫ್ ಬೆಂಜಮಿನ್ ಇಂಥದೊಂದು ಚೆಂಡನ್ನು ಯೋಚಿಸಿದ್ದರು. ರೇಡಾರ್ ಪರದೆಯ ಮೇಲೆ ವಿಮಾನಗಳನ್ನು ಗುರುತಿಸಬೇಕಿತ್ತು. ಅದು ಸೇನೆಯ ಗುಟ್ಟಾಗಿಯೇ ಉಳಿಯಿತು. 1952ರ ಹೊತ್ತಿಗೆ ಕೆನಡಾದ ನೌಕಾಪಡೆಯ ಡೇಟಾರ್ ಎಂಬ ಯೋಜನೆಯಲ್ಲಿ ಟಾಮ್ ಕ್ರಾನ್‌ಸ್ಟನ್ ಮತ್ತು ಫ್ರೆಡ್ ಲಾಂಗ್‌ಸ್ಟಾಫ್ ಇನ್ನೊಂದು ಮಾಡಿದರು. ಅವರು ಬಳಸಿದ್ದು ಬೌಲಿಂಗ್ ಆಟದ ಚೆಂಡು! ಮೌಸ್‌ನ ಮೊದಲ ಮಾದರಿ ಬಂದದ್ದು 1964ರಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಯೋಚನೆ, ಬಿಲ್ ಇಂಗ್ಲಿಷ್ ಅವರ ಕೈಕೆಲಸ. ಮರದ ಪೆಟ್ಟಿಗೆ, ಅಡಿಯಲ್ಲಿ ಎರಡು ಚಕ್ರ, ಮೇಲೆ ಒಂದೇ ಬಟನ್. ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಜರ್ಮನಿಯ ಟೆಲಿಫುಂಕೆನ್ ಕಂಪನಿಯವರು ತಮ್ಮ ಟ್ರ್ಯಾಕ್‌ಬಾಲನ್ನು ಸುಮ್ನೆ ಮಗುಚಿ ಹಾಕಿ, ಮೇಜಿನ ಮೇಲೆ ಓಡಿಸಿ, 1968ರಲ್ಲಿ ಒಂದು ಮೌಸ್ ಮಾಡಿದರು. ಎಂಗೆಲ್‌ಬಾರ್ಟ್ ತಮ್ಮ ಮೌಸನ್ನು ಸಭೆಯ ಮುಂದೆ ತೋರಿಸಿದ ಪ್ರಸಿದ್ಧ ದಿನ 1968ರ ಡಿಸೆಂಬರ್ 9. ಜರ್ಮನಿಯದು ಅದಕ್ಕಿಂತ ಎರಡು ತಿಂಗಳು ಮೊದಲೇ ಹೊರಬಂದಿತ್ತು. ಹಳೆಯ ಮೌಸ್‌ಗಳ ಹೊಟ್ಟೆಯಲ್ಲಿ ರಬ್ಬರ್ ಗುಂಡು ಇರುತ್ತಿತ್ತಲ್ಲ, ಅದು ಹೀಗೆ ತಲೆಕೆಳಗಾದ ಟ್ರ್ಯಾಕ್‌ಬಾಲೇ.

ಇನ್ನು ಬಳಕೆಯ ಮಾತು. ಮೊದಲ ವಾರ ಬಹಳ ಕಷ್ಟವಾಯಿತು. ಗುರಿಯ ಹತ್ತಿರ ಹೋಗುವುದು ಸುಲಭ. ಅದರ ಮೇಲೆ ನಿಲ್ಲುವುದು ಕಷ್ಟ. ಚೆಂಡು ಒಂದಿಷ್ಟು ಮುಂದಕ್ಕೆ ಉರುಳಿಬಿಡುತ್ತದೆ. ಕರ್ಸರ್ ಬಟನ್ ದಾಟಿ ಹೋಗುತ್ತದೆ, ಹಿಂದಕ್ಕೆ ತಂದರೆ ಈ ಕಡೆ ದಾಟುತ್ತದೆ. ಮೌಸ್‌ನಲ್ಲಿ 40 ನಿಮಿಷದಲ್ಲಿ ಮುಗಿಯುತ್ತಿದ್ದ ಎಂಟು ಪುಟದ ತಿದ್ದುಪಡಿಗೆ ಮೊದಲ ದಿನ ಒಂದೂವರೆ ಗಂಟೆ ಹಿಡಿಯಿತು.

ಇಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ನೆನಪಾದರು. ಕಂಪ್ಯೂಟರಿನ ಪರದೆ, ಕರ್ಸರ್ ಎಂಬುದೆಲ್ಲ ಜನರ ಕೈಗೆ ಬರುವ ಮೊದಲೇ, 1954ರಲ್ಲಿ, ಅವರು ಜನರ ಕೈಗೆ ಒಂದು ಲೋಹದ ಕಡ್ಡಿ ಕೊಟ್ಟು ಎರಡು ಪಟ್ಟಿಗಳನ್ನು ಬೇಗ ಬೇಗ, ಒಂದಾದ ಮೇಲೊಂದು ಮುಟ್ಟಿಸಿದರು. ಪಟ್ಟಿಗಳ ನಡುವಿನ ದೂರ ಬದಲಿಸಿದರು, ಅಗಲ ಬದಲಿಸಿದರು. ಅವರಿಗೆ ಸಿಕ್ಕಿದ್ದು ಒಂದು ಚೆಂದದ ಲೆಕ್ಕ. ದೂರ ಎರಡರಷ್ಟಾದರೆ ಸಮಯ ಎರಡರಷ್ಟು ಆಗುವುದಿಲ್ಲ, ಒಂದು ನಿಗದಿತ ಪಾಲಿನಷ್ಟು ಮಾತ್ರ ಏರುತ್ತದೆ. ಗುರಿಯ ಅಗಲ ಅರ್ಧವಾದರೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಅಂದರೆ ದೂರದ ದೊಡ್ಡ ಗುರಿ, ಹತ್ತಿರದ ಚಿಕ್ಕ ಗುರಿ, ಇವೆರಡೂ ಕೈಗೆ ಒಂದೇ ಕಷ್ಟ ಕೊಡಬಹುದು. ನನ್ನ ಪುಟವಿನ್ಯಾಸದ ಪರದೆಯಲ್ಲಿ ಎಲ್ಲಾ ಗುರಿಗಳೂ ಚಿಕ್ಕವು. ಚಿತ್ರದ ಮೂಲೆಯಲ್ಲಿ ಕಾಣುವ ಆ ಚೌಕದ ಚುಕ್ಕೆಯನ್ನು ಹಿಡಿಯುವುದೇ ಒಂದು ಸಾಹಸ. ಚೆಂಡು ಹೊಸದಾದಾಗ ನನಗೆ ಎಡವಟ್ಟಾದದ್ದೆಲ್ಲ ಅಂಥ ಚುಕ್ಕೆಗಳ ಹತ್ತಿರವೇ.

ಅದೇ ಲೆಕ್ಕ ನನಗೆ ಒಂದು ಉಪಾಯವನ್ನೂ ಕೊಟ್ಟಿತು. ಪರದೆಯ ಅಂಚಿಗೆ ತಾಗಿದ ಗುರಿಯನ್ನು ದಾಟಿ ಹೋಗಲು ಆಗುವುದಿಲ್ಲ. ಕರ್ಸರ್ ಅಲ್ಲೇ ಗೋಡೆಗೆ ಬಡಿದು ನಿಲ್ಲುತ್ತದೆ. ಹಾಗಾಗಿ ಅಂಚಿನ ಗುರಿ ಎಷ್ಟು ಸಣ್ಣದಾಗಿ ಕಂಡರೂ ಆ ದಿಕ್ಕಿನಲ್ಲಿ ಕೈಯ ಪಾಲಿಗೆ ಬಹಳ ದೊಡ್ಡದು. ಟ್ರ್ಯಾಕ್‌ಬಾಲಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಚೆಂಡನ್ನು ಒಮ್ಮೆ ಜೋರಾಗಿ ತಳ್ಳಿ ಬಿಟ್ಟರೆ ಸಾಕು, ಅದು ತನ್ನ ಓಟದಲ್ಲೇ ಕರ್ಸರನ್ನು ಅಂಚಿಗೆ ಮುಟ್ಟಿಸುತ್ತದೆ. ನಾನು ಉಪಕರಣಗಳ ಪಟ್ಟಿಗಳನ್ನೆಲ್ಲ ಪರದೆಯ ಎಡ ಅಂಚಿಗೆ, ಮೇಲಿನ ಅಂಚಿಗೆ ಒತ್ತರಿಸಿ ಕೂರಿಸಿದೆ. ಕರ್ಸರಿನ ವೇಗವನ್ನು ಸ್ವಲ್ಪ ಇಳಿಸಿದೆ. ಎರಡನೇ ವಾರದಿಂದ ಕೆಲಸ ಹಿಡಿತಕ್ಕೆ ಬಂತು. ನೀವು ಟ್ರ್ಯಾಕ್‌ಬಾಲ್ ತೆಗೆದುಕೊಂಡರೆ ಮೊದಲ ದಿನವೇ ಇದನ್ನು ಮಾಡಿ.

ಎರಡನೇ ವಾರವೂ ಬಗ್ಗದೇ ಇದ್ದದ್ದು ಡ್ರ್ಯಾಗ್. ಎಡಬಟನ್ ಒತ್ತಿ ಹಿಡಿದುಕೊಂಡೇ ಚೆಂಡು ತಿರುಗಿಸಬೇಕು. ಹೆಬ್ಬೆರಳು ಒತ್ತುತ್ತಿರುವಾಗ ಉಳಿದ ಬೆರಳುಗಳಿಗೆ ಸಲೀಸಾಗಿ ಆಡಲು ಆಗುವುದಿಲ್ಲ. ಬೆರಳು ಆಡಿದರೆ ಹೆಬ್ಬೆರಳು ಸಡಿಲವಾಗುತ್ತದೆ, ಚಿತ್ರ ದಾರಿಮಧ್ಯೆ ಬಿದ್ದುಹೋಗುತ್ತದೆ. ನನ್ನ ಕೈಗೇ ಅಭ್ಯಾಸ ಸಾಲದು ಅಂದುಕೊಂಡಿದ್ದೆ. ಆಮೇಲೆ 1991ರ ಒಂದು ಲೇಖನ ಸಿಕ್ಕಿತು. ಸ್ಕಾಟ್ ಮೆಕೆಂಜಿ, ಅಬಿಗೇಲ್ ಸೆಲೆನ್ ಮತ್ತು ಬಿಲ್ ಬಕ್ಸ್‌ಟನ್ ಸೇರಿ ಮೂರು ಸಾಧನಗಳನ್ನು ಪರೀಕ್ಷೆಗೆ ಹಚ್ಚಿದ್ದರು: ಮೌಸ್, ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ಬರೆಯುವ ಪೆನ್ನು, ಟ್ರ್ಯಾಕ್‌ಬಾಲ್. ಗುರಿ ಮುಟ್ಟುವುದರಲ್ಲೂ ಎಳೆಯುವುದರಲ್ಲೂ ಟ್ರ್ಯಾಕ್‌ಬಾಲಿಗೆ ಮೂರನೇ ಸ್ಥಾನ. ಎಳೆಯುವಾಗ ಅದು ಯಾಕೆ ಅಷ್ಟು ಒದ್ದಾಡುತ್ತದೆ ಎಂಬುದಕ್ಕೂ ಅವರು ಇದೇ ಕಾರಣ ಕೊಟ್ಟಿದ್ದಾರೆ, ಒತ್ತುವ ಬೆರಳು ಮತ್ತು ಉರುಳಿಸುವ ಬೆರಳು ಒಂದಕ್ಕೊಂದು ಅಡ್ಡ ಬರುತ್ತವೆ ಎಂದು. ನನ್ನ ಕೈ ಹೇಳುತ್ತಿದ್ದುದನ್ನು ಮೂವತ್ತು ವರ್ಷಕ್ಕೂ ಹಿಂದೆಯೇ ಯಾರೋ ಅಳೆದು ಬರೆದಿಟ್ಟಿದ್ದರು. ಓದಿ ನಿಜಕ್ಕೂ ಸಮಾಧಾನವಾಯಿತು.

ಇದಕ್ಕೆ ಒಂದು ಪರಿಹಾರ ಸಾಧನದಲ್ಲೇ ಇದೆ. ಡ್ರ್ಯಾಗ್ ಲಾಕ್. ಮೇಲಿನ ಬಟನ್ ಒಮ್ಮೆ ಒತ್ತಿದರೆ "ಹಿಡಿದುಕೊಂಡಿದ್ದೇನೆ" ಎಂದು ಅರ್ಥ, ಇನ್ನೊಮ್ಮೆ ಒತ್ತಿದರೆ "ಬಿಟ್ಟೆ" ಎಂದು. ನಡುವೆ ಹೆಬ್ಬೆರಳಿಗೆ ಕೆಲಸವಿಲ್ಲ. ಆದರೆ ಇದನ್ನು ಸಾಧನದ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ಹೊಂದಿಸಬೇಕು, ಅಲ್ಲಿ ನನ್ನ ಒಂದು ಇಡೀ ಸಂಜೆ ಹೋಯಿತು. ಸಹಾಯದ ಪುಟ ಒಂದು, ಎರಡು, ಮೂರು ಎಂದು ಹಂತ ಹೇಳುತ್ತದೆ. ನಾನು ಎರಡನೇ ಹಂತದಲ್ಲಿ ಬೇರೆ ಏನನ್ನೋ ಒತ್ತಿದ್ದೆ. ಆಮೇಲೆ ಆ ಪುಟಕ್ಕೆ ನಾನೆಲ್ಲಿದ್ದೇನೆ ಎಂಬುದು ಗೊತ್ತೇ ಇಲ್ಲ. ಲೂಸಿ ಸುಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಇದನ್ನೇ ನೋಡಿದ್ದರು. ನಕಲು ಯಂತ್ರದ ಮುಂದೆ ಜನ ಪರದಾಡುವುದನ್ನು ಚಿತ್ರೀಕರಿಸಿ, ಕೂತು ನೋಡಿ, 1987ರಲ್ಲಿ ಪುಸ್ತಕ ಬರೆದರು. ಯಂತ್ರ ತನ್ನೊಳಗೆ ಒಂದು ಯೋಜನೆ ಇಟ್ಟುಕೊಂಡಿರುತ್ತದೆ, ಜನ ಅದರಂತೆಯೇ ನಡೆಯುತ್ತಾರೆ ಎಂದು ನಂಬಿರುತ್ತದೆ. ಜನ ಮಾತ್ರ ಎದುರಿಗೆ ಕಂಡದ್ದನ್ನು ನೋಡಿಕೊಂಡು ಆಗಿಂದಾಗ್ಗೆ ಹೆಜ್ಜೆ ಇಡುತ್ತಾರೆ. ಎಚ್‌ಸಿಐ ಪ್ರಯೋಗಾಲಯದ ಗಡಿಯಾರವನ್ನು ಬಿಟ್ಟು ಜನರ ನಡುವೆ ಬಂದು ಕೂತದ್ದರಲ್ಲಿ ಆ ಪುಸ್ತಕದ ಪಾತ್ರ ದೊಡ್ಡದು. ಇಷ್ಟು ವರ್ಷದ ಮೇಲೂ ಸಹಾಯದ ಪುಟಗಳು ಹೀಗೇ ಇವೆ ಎಂಬುದು ನನಗೆ ಬೇಸರದ ವಿಷಯ.

ಲಾಕ್ ಹೊಂದಿಸಿ ಆದ ಮೇಲೆ ಇನ್ನೊಂದು ಪಾಠ ಕಲಿತೆ. ಒಂದು ಮಧ್ಯಾಹ್ನ ಚಿತ್ರವೊಂದನ್ನು ಹಿಡಿದು ಸರಿಸಿದೆ. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು ಚೆಂಡು ತಿರುಗಿಸಿದರೆ ಚಿತ್ರ ಕರ್ಸರ್ ಹಿಂದೆಯೇ ಹೊರಟಿತು. ಲಾಕ್ ಬಿಡುವುದನ್ನು ಮರೆತಿದ್ದೆ. ಚಿತ್ರ ಪಕ್ಕದ ಪುಟದ ಪಠ್ಯದ ಮೇಲೆ ಹೋಗಿ ಬಿತ್ತು. ಆ ಪುಟದ ಸಾಲುಗಳೆಲ್ಲ ಚಿತ್ರದ ಸುತ್ತ ಹರಿದು ಹೋದವು. ಹಿಂದಕ್ಕೆ ತರಲು ಆಯಿತು, ನಿಜ. ಆದರೆ ಗಮನಕ್ಕೆ ಬಾರದೇ ಹೋಗಿದ್ದರೆ? ಇದಕ್ಕೆ ಎಚ್‌ಸಿಐಯಲ್ಲಿ ಹೆಸರೇ ಇದೆ, ಮೋಡ್ ತಪ್ಪು. ಅದೇ ಕೈ, ಅದೇ ಚಲನೆ, ಆದರೆ ಯಂತ್ರ ಬೇರೊಂದು ಸ್ಥಿತಿಯಲ್ಲಿದೆ, ಅದು ನಮಗೆ ನೆನಪಿಲ್ಲ. ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಟೆಸ್ಲರ್ ಜೀವನವಿಡೀ ಇದರ ವಿರುದ್ಧ ಹೋರಾಡಿದರು. ಕಟ್, ಕಾಪಿ, ಪೇಸ್ಟ್ ಈಗಿನ ರೂಪಕ್ಕೆ ಬಂದದ್ದು ಅವರಿಂದ. ಅವರ ಕಾರಿನ ನಂಬರ್ ಪ್ಲೇಟಿನಲ್ಲಿ ಅಂಕಿಗಳ ಬದಲು "ನೋ ಮೋಡ್ಸ್" ಎಂದೇ ಇತ್ತು. ಬಟನ್ ಒತ್ತಿ ಹಿಡಿದುಕೊಂಡಿರುವವರೆಗೆ ಬೆರಳಿಗೇ ಸ್ಥಿತಿ ಗೊತ್ತಿರುತ್ತದೆ, ಮರೆಯಲು ಸಾಧ್ಯವೇ ಇಲ್ಲ. ಡ್ರ್ಯಾಗ್ ಲಾಕ್ ಬೆರಳಿನ ಆ ನೆನಪನ್ನು ತೆಗೆದು ತಲೆಗೆ ಹೊರಿಸುತ್ತದೆ. ಲಾಕ್ ಆದಾಗ ಸಾಧನದ ಮೇಲೆ ಒಂದು ದೀಪ ಹೊತ್ತಿಕೊಂಡರೂ ಸಾಕಿತ್ತು. ನನ್ನದರಲ್ಲಿ ಇಲ್ಲ. ಇದು ಇದರ ದೊಡ್ಡ ಕೊರತೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಹಾಗಾಗಿ ಈಗ ನಾನು ದೊಡ್ಡ ಎಳೆತಗಳಿಗೆ ಎಡಗೈಯಲ್ಲಿ ಹಳೆಯ ಮೌಸನ್ನೇ ಬಳಸುತ್ತೇನೆ. ಲಾಕ್ ತೆಗೆದುಹಾಕಿದ್ದೇನೆ.

ಇಷ್ಟೆಲ್ಲ ಓದಿ "ನಿಧಾನ, ಡ್ರ್ಯಾಗ್ ಆಗಲ್ಲ, ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುತ್ತಾ ನಾನು ಮೌಸ್ ಹೇಗೆ ಗೆದ್ದಿತು ಎಂಬ ಕತೆಗೆ ಹೋದೆ. 1978ರಲ್ಲಿ ಸ್ಟೂವರ್ಟ್ ಕಾರ್ಡ್, ಮೊದಲ ಮೌಸ್ ಮಾಡಿದ ಅದೇ ಬಿಲ್ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮೌಸ್, ಜಾಯ್‌ಸ್ಟಿಕ್, ಎರಡು ಬಗೆಯ ಕೀಲಿಗಳು. ಪರದೆಯ ಮೇಲಿನ ಪದವನ್ನು ಯಾವುದರಲ್ಲಿ ಬೇಗ, ತಪ್ಪಿಲ್ಲದೆ ಮುಟ್ಟಬಹುದು? ಮೌಸ್ ಎಲ್ಲದರಲ್ಲೂ ಮುಂದೆ. ಮೌಸ್‌ನ ವೇಗ ಬರಿಗೈಯ ವೇಗಕ್ಕೆ ಹತ್ತಿರವಿದೆ, ಫಿಟ್ಸ್ ಲೆಕ್ಕಕ್ಕೆ ಕೂರುತ್ತದೆ ಎಂದು ಅವರು ತೋರಿಸಿದರು. ಜೆರಾಕ್ಸ್ ಮೌಸನ್ನು ಮಾರುಕಟ್ಟೆಗೆ ತರಲು ಇದು ಒಂದು ಮುಖ್ಯ ಕಾರಣವಾಯಿತು. 1981ರಲ್ಲಿ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರ್ ಬಂತು, 1984ರಲ್ಲಿ ಆಪಲ್‌ನ ಮ್ಯಾಕಿಂಟೋಷ್. ಆಮೇಲಿನದು ನಮ್ಮೆಲ್ಲರ ಮೇಜಿನ ಮೇಲಿದೆ. ಅದೇ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ 1980ರಲ್ಲಿ ಕೆಲಸವನ್ನು ಚೂರು ಚೂರು ಮಾಡಿ ಸಮಯ ಕಟ್ಟಿದರು. ಕೀಲಿಮಣೆಯಿಂದ ಮೌಸ್‌ಗೆ ಕೈ ಒಯ್ಯಲು 0.4 ಸೆಕೆಂಡ್. ಗುರಿ ತೋರಿಸಲು 1.1 ಸೆಕೆಂಡ್. ಮನಸ್ಸಿನಲ್ಲಿ ಸಿದ್ಧವಾಗಲು 1.35 ಸೆಕೆಂಡ್. 1982ರಲ್ಲಿ ಅಮೆರಿಕದ ಗೈಥರ್ಸ್‌ಬರ್ಗ್‌ನಲ್ಲಿ ಈ ಕ್ಷೇತ್ರದವರು ದೊಡ್ಡದಾಗಿ ಸೇರಿದರು, ಎಚ್‌ಸಿಐಗೆ ಒಂದು ಮನೆ ಸಿಕ್ಕಿತು. ಆ ಮನೆಯ ಅಡಿಪಾಯದಲ್ಲಿ ಹೀಗೆ ಸೆಕೆಂಡುಗಳಿವೆ.

ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ. ಊಹೆಯ ಮೇಲೆ ಸಾಧನ ಮಾಡುತ್ತಿದ್ದ ಕಾಲದಲ್ಲಿ ಅವರು ಅಳತೆ ತಂದರು. ಆದರೆ ಆ 0.4 ಸೆಕೆಂಡನ್ನು ನಾನು 14 ವರ್ಷ ಮಾಡಿದ್ದೇನೆ. ದಿನಕ್ಕೆ ನೂರಾರು ಸಲ. ಒಂದು ಸಲಕ್ಕೆ ಎಷ್ಟು ಹೊತ್ತು ಎಂಬುದು ಗೊತ್ತಿದೆ. ಅಷ್ಟು ಸಲ ಮಾಡಿದರೆ ಮಣಿಕಟ್ಟಿಗೆ ಏನಾಗುತ್ತದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಸಾಲಿಲ್ಲ.

ಅಚ್ಚರಿ ಏನೆಂದರೆ, ಅದಕ್ಕೂ ಹಿಂದಿನ ಲೇಖನದಲ್ಲಿ ಆ ಸಾಲು ಇತ್ತು. 1967ರಲ್ಲಿ ಬಿಲ್ ಇಂಗ್ಲಿಷ್, ಎಂಗೆಲ್‌ಬಾರ್ಟ್ ಮತ್ತು ಮೆಲ್ವಿನ್ ಬರ್ಮನ್ ಬರೆದ ವರದಿ ಅದು. ಮೌಸನ್ನು ಮಾಡಿದವರದೇ ಪರೀಕ್ಷೆ. ಅವರು ಪರದೆಗೇ ಹಿಡಿದು ತೋರಿಸುವ ಬೆಳಕಿನ ಪೆನ್ನು ಇಟ್ಟರು, ಜಾಯ್‌ಸ್ಟಿಕ್ ಇಟ್ಟರು, ಮೇಜಿನ ಅಡಿಯಲ್ಲಿ ಮೊಣಕಾಲಿನಿಂದ ನಡೆಸುವ ಒಂದು ಸಾಧನವನ್ನೂ ಇಟ್ಟರು. ಪಳಗಿದವರ ಕೈಯಲ್ಲಿ ಮೌಸ್ ಚೆನ್ನಾಗಿ ಮಾಡಿತು. ಆದರೆ ವರದಿಯ ಶುರುವಿನಲ್ಲೇ ಅವರು ಹೇಳುವ ಮಾತು ಬೇರೆ. ಯಾವ ಸಾಧನ ಆರಿಸಬೇಕು ಎಂಬುದು ಗುರಿ ಮುಟ್ಟುವ ವೇಗದ, ನಿಖರತೆಯ ವ್ಯತ್ಯಾಸದ ಮೇಲೆ ನಿಂತಿಲ್ಲ ಎನ್ನುತ್ತಾರೆ. ಆ ಕೈ ಇನ್ನೇನೇನು ಕೆಲಸ ಮಾಡಬೇಕಿದೆ, ಸಾಧನಕ್ಕೆ ಕೈ ಒಯ್ದು ಹಿಡಿತ ಪಡೆಯುವುದು ಎಷ್ಟು ಸುಲಭ, ಆ ಭಂಗಿಯಲ್ಲಿ ಕೂತರೆ ಎಷ್ಟು ದಣಿವಾಗುತ್ತದೆ, ಇವು ಅದಕ್ಕಿಂತ ಮುಖ್ಯ ಎನ್ನುತ್ತಾರೆ. ಆ ಪರೀಕ್ಷೆಯಲ್ಲಿ ಟ್ರ್ಯಾಕ್‌ಬಾಲ್ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ! ಆ ಪುಟ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮೌಸ್ ಹುಟ್ಟಿದ ಮನೆಯಲ್ಲೇ ನನ್ನ ಪ್ರಶ್ನೆ ಹುಟ್ಟಿತ್ತು. ನಡುವೆ ಅದು ಹಿಂದಿನ ಸಾಲಿಗೆ ಹೋಯಿತು.

ಮತ್ತೆ ಮುಂದೆ ಬಂದದ್ದು 2000ದಲ್ಲಿ. ಇಂಥ ಸಾಧನಗಳಿಗೆಂದೇ ಅಂತಾರಾಷ್ಟ್ರೀಯ ಮಾನದಂಡ ಬಂತು, ಐಎಸ್ಒ 9241ರ ಒಂಬತ್ತನೇ ಭಾಗ. ಅದರಲ್ಲಿ ವೇಗದ ಪರೀಕ್ಷೆ ಇದೆ, ಜೊತೆಗೆ ಬಳಸಿದವರನ್ನು ಕೇಳುವ ಪ್ರಶ್ನೆಗಳೂ ಇವೆ. ಬೆರಳಿನ ದಣಿವು, ಮಣಿಕಟ್ಟಿನ ದಣಿವು, ತೋಳಿನದು, ಭುಜದ್ದು, ಕತ್ತಿನದು. ಒಂದರಿಂದ ಏಳರವರೆಗೆ ಗುರುತು ಹಾಕಬೇಕು. ನಾನು ಆ ಸಾಲುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಏಳು ಅಂದರೆ ದಣಿವೇ ಇಲ್ಲ ಎಂದು ಇಟ್ಟುಕೊಂಡೆ. ಪ್ರತಿ ದಿನ ಕೆಲಸ ಮುಗಿಸಿ ಏಳುವ ಮೊದಲು ತುಂಬುತ್ತೇನೆ. ಈ ವಿಮರ್ಶೆಗೆ ಆಧಾರ ಅದೇ.

ಮೌಸ್‌ನ ಕೊನೆಯ ವಾರ ನನ್ನ ಮಣಿಕಟ್ಟಿನ ಸಾಲಿನಲ್ಲಿ ಎಲ್ಲಾ ದಿನವೂ ಎರಡು. ಟ್ರ್ಯಾಕ್‌ಬಾಲಿನ ಮೊದಲ ವಾರ ಮೂರು. ಒಂದು ತಿಂಗಳಿಗೆ ನಾಲ್ಕು, ಈಗ ಹೆಚ್ಚಿನ ದಿನ ಐದು. ಭುಜ ಮೂರರಿಂದ ಆರಕ್ಕೆ ಬಂದಿದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮೌಸ್ ಓಡಾಡಲು ಜಾಗ ಬೇಕೆಂದು ತೋಳನ್ನು ಹೊರಗೆ ಚಾಚಿ ಕೂರುತ್ತಿದ್ದೆ, ಅದು ನಿಂತಿತು. ವ್ಯಾಯಾಮ, ಗಂಟೆಗೊಮ್ಮೆ ಏಳುವುದು, ಇವುಗಳ ಪಾಲೂ ಇದರಲ್ಲಿದೆ. ಎಲ್ಲಾ ಚೆಂಡಿನಿಂದಲೇ ಎಂದು ನಾನು ಹೇಳಲಾರೆ. ಕೆಳಗೆ ಇಳಿದ ಸಾಲು ಒಂದಿದೆ, ಬೆರಳಿನದು. ಆರು ಇದ್ದದ್ದು ನಾಲ್ಕಾಗಿದೆ. ಉಂಗುರಬೆರಳಿನಿಂದ ಆ ಸ್ಕ್ರೋಲ್ ಉಂಗುರ ತಿರುಗಿಸಿ ತಿರುಗಿಸಿ ಗೆಣ್ಣು ಸೋಲುತ್ತದೆ. ಉದ್ದದ ಕಡತ ಓದುವ ದಿನ ಇದು ಜಾಸ್ತಿ.

ಸಮಯದ ಲೆಕ್ಕವೂ ಹೇಳಿಬಿಡುತ್ತೇನೆ. ಎಂಟು ಪುಟದ ತಿದ್ದುಪಡಿ ಈಗ 45 ನಿಮಿಷದ ಆಸುಪಾಸು. ಮೌಸ್‌ಗಿಂತ ಇನ್ನೂ ನಿಧಾನ. ಆ ಐದು ನಿಮಿಷವನ್ನು ನಾನು ಸಂತೋಷದಿಂದ ಕೊಡುತ್ತೇನೆ.

ಇನ್ನೊಂದು ಸಂಗತಿ. ನನ್ನ ಅಮ್ಮನಿಗೆ 71. ಕೈ ನಡುಗುತ್ತದೆ. ಮೌಸ್ ಹಿಡಿದರೆ ನಡುಕವೆಲ್ಲ ಕರ್ಸರಿಗೆ ಹೋಗುತ್ತದೆ, ಕ್ಲಿಕ್ ಮಾಡುವ ಹೊತ್ತಿಗೆ ಮೌಸೇ ಜಾರಿರುತ್ತದೆ. ಅವರು ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದರು. ಒಂದು ಭಾನುವಾರ ನನ್ನ ಕುರ್ಚಿಯಲ್ಲಿ ಕೂತು ಚೆಂಡಿನ ಮೇಲೆ ಅಂಗೈ ಇಟ್ಟರು. ನಿಧಾನಕ್ಕೆ ಉರುಳಿಸಿದರು. ಗುರಿಯ ಮೇಲೆ ಬಂತು. ಚೆಂಡಿನಿಂದ ಕೈ ಪೂರ್ತಿ ತೆಗೆದರು, ಕರ್ಸರ್ ಅಲ್ಲೇ ಉಳಿಯಿತು. ಆಮೇಲೆ ಬಟನ್ ಒತ್ತಿದರು. "ಇದು ನನಗೋಸ್ಕರ ಕಾಯುತ್ತೆ ಕಣೇ" ಎಂದರು. ತೋರಿಸುವುದು ಒಂದು ಕೆಲಸ, ಒತ್ತುವುದು ಇನ್ನೊಂದು ಕೆಲಸ. ಡ್ರ್ಯಾಗ್ ಮಾಡುವಾಗ ನನ್ನನ್ನು ಕಾಡಿದ್ದು ಈ ಎರಡೂ ಬೇರೆ ಬೇರೆ ಆಗಿರುವುದೇ. ಅಮ್ಮನಿಗೆ ವರವಾದದ್ದೂ ಅದೇ.

ಇಂಥ ಕೈಗಳ ಮೇಲೆಯೂ ಸಂಶೋಧನೆ ನಡೆದಿದೆ. 2006ರಲ್ಲಿ ಜೇಕಬ್ ವೊಬ್ರಾಕ್ ಮತ್ತು ಬ್ರ್ಯಾಡ್ ಮೈಯರ್ಸ್ ಟ್ರ್ಯಾಕ್‌ಬಾಲಿನಿಂದ ಅಕ್ಷರ ಬರೆಯುವ ಒಂದು ವಿಧಾನ ತಂದರು. ಚೆಂಡನ್ನು ಅಕ್ಷರದ ಆಕಾರದ ದಿಕ್ಕುಗಳಿಗೆ ಸಣ್ಣ ಸಣ್ಣದಾಗಿ ತಳ್ಳುವುದು. ಕೈಕಾಲಿನ ಚಲನೆ ಕಷ್ಟವಿದ್ದ ಒಬ್ಬರು ಅದನ್ನು ಎಂಟು ಸಲ ಕೂತು ಪ್ರಯತ್ನಿಸಿದರು. ಪರದೆಯ ಮೇಲಿನ ಕೀಲಿಮಣೆಯಲ್ಲಿ ಅವರ ಅತಿ ಹೆಚ್ಚಿನ ವೇಗ ನಿಮಿಷಕ್ಕೆ 5.95 ಪದ. ಹೊಸ ವಿಧಾನದಲ್ಲಿ 7.11. ಒಂದು ಪದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ 15 ವರ್ಷದಿಂದ ಆ ಕೀಲಿಮಣೆಯಲ್ಲೇ ಬರೆಯುತ್ತಿದ್ದ ಆ ವ್ಯಕ್ತಿ ಅದನ್ನು ಬಿಟ್ಟು ಇದಕ್ಕೇ ಬಂದರು. ಇಲ್ಲಿಯೂ ಅಳೆದದ್ದು ವೇಗವನ್ನೇ, ಆದರೆ ಯಾರ ಕೈ, ಯಾರ ದಿನ ಎಂಬುದು ಅಳತೆಯೊಳಗೆ ಬಂದಿದೆ. ಮುಂದೆ ವೊಬ್ರಾಕ್ ಮತ್ತವರ ಜೊತೆಗಾರರು ಮನುಷ್ಯನಿಗೆ ಏನು ಆಗುವುದಿಲ್ಲ ಎಂದು ನೋಡುವ ಬದಲು ಏನು ಆಗುತ್ತದೆ ಎಂದು ನೋಡಿ ಸಾಧನ ಮಾಡಿ ಎಂಬ ವಿಚಾರವನ್ನೇ ಬೆಳೆಸಿದರು. ಎಚ್‌ಸಿಐಯಲ್ಲಿ ನನಗೆ ಅತಿ ಹತ್ತಿರವಾದ ಭಾಗ ಇದು.

ಈಗಿನ ಗಮನವೆಲ್ಲ ಮಾತು, ಸ್ಪರ್ಶ, ಕಣ್ಣಿನ ನೋಟ, ಬರೆದು ಕೇಳಿದರೆ ಉತ್ತರಿಸುವ ಯಂತ್ರಗಳ ಕಡೆಗಿದೆ. ಯಾವುದೂ ರಾತ್ರೋರಾತ್ರಿ ಬಂದದ್ದಲ್ಲ. ಬೆರಳಿನಿಂದ ತೋರಿಸಿ "ಅದನ್ನು ಅಲ್ಲಿಡು" ಎಂದು ಕಂಪ್ಯೂಟರಿಗೆ ಬಾಯಲ್ಲಿ ಹೇಳುವುದನ್ನು ರಿಚರ್ಡ್ ಬೋಲ್ಟ್ 1980ರಲ್ಲೇ ತೋರಿಸಿದ್ದರು. ಹಲವು ಬೆರಳಿನ ಸ್ಪರ್ಶ ಗುರುತಿಸುವ ಹಲಗೆ 1985ರ ಹೊತ್ತಿಗೆ ಟೊರೊಂಟೊದಲ್ಲಿ ಬಕ್ಸ್‌ಟನ್ ಗುಂಪಿನ ಬಳಿ ಇತ್ತು. ಅವು ಎಲ್ಲರ ಕೈಗೆ ಬರುವ ಹೊತ್ತಿಗೆ ದಶಕಗಳು ಕಳೆದವು. ನೆಟ್ಟಗೆ ನಿಂತ ಪರದೆಯನ್ನು ಕೈ ಎತ್ತಿ ಮುಟ್ಟುತ್ತಿದ್ದರೆ ತೋಳು ಸೋಲುತ್ತದೆ ಎಂಬುದು ಬೆಳಕಿನ ಪೆನ್ನಿನ ಕಾಲದಿಂದಲೂ ಗೊತ್ತಿದ್ದ ಮಾತು. ದಿನವಿಡೀ ಮಾತಾಡಿ ಪುಟ ಕಟ್ಟಬೇಕಾದರೆ ಗಂಟಲಿಗೆ ಏನಾಗುತ್ತದೆ ಎಂದು ಯಾರಾದರೂ ನನ್ನಂಥವರ ಪಕ್ಕದಲ್ಲಿ ಒಂದು ತಿಂಗಳು ಕೂತು ನೋಡಲಿ ಎಂದು ನನಗೆ ಆಸೆ.

ಸಾಧನದ ಉಳಿದ ವಿಷಯ. ಆ ಮೂರು ಮಣಿಗಳ ಮೇಲೆ ಚರ್ಮದ ಎಣ್ಣೆ, ದೂಳು ಕೂತು ವಾರಕ್ಕೊಮ್ಮೆ ಚೆಂಡು ತಡವರಿಸುತ್ತದೆ. ಚೆಂಡು ಎತ್ತಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮಣಿಗಳನ್ನು ಹತ್ತಿ ಕಡ್ಡಿಯಲ್ಲಿ ತೀಡಿದರೆ ಮತ್ತೆ ಹೊಸದರಂತೆ ಓಡುತ್ತದೆ. ಎರಡು ನಿಮಿಷದ ಕೆಲಸ. ಬಟನ್ ಸದ್ದು ಸ್ವಲ್ಪ ಜೋರು. ಮೈ ಎತ್ತರವಾಗಿದೆ, ಮಣಿಕಟ್ಟಿಗೆ ಕೊಟ್ಟಿರುವ ಮೆತ್ತೆ ಇಲ್ಲದಿದ್ದರೆ ಮತ್ತೆ ಅದೇ ಬಾಗಿದ ಭಂಗಿ ಬರುತ್ತದೆ. ಮೆತ್ತೆಯನ್ನು ತೆಗೆದಿಡಬೇಡಿ. ಎಡಗೈಯವರಿಗೂ ಇದೇ ಸಾಧನ ಸಾಕು, ಎರಡೂ ಬದಿ ಒಂದೇ ಥರ ಇದೆ. ತಂತಿಯಿರುವುದನ್ನೇ ತೆಗೆದುಕೊಂಡೆ, ಸಾಧನ ಹೇಗೂ ಅಲ್ಲಾಡುವುದಿಲ್ಲವಲ್ಲ.

ಚಿತ್ರ ಬಿಡಿಸುವವರಿಗೆ, ದಿನವಿಡೀ ಎಳೆದು ಬಿಡುವ ಕೆಲಸ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಪೆನ್ನಿನ ಹಲಗೆ ಒಳ್ಳೆಯದು. ಓದುವವರಿಗೆ, ತಿದ್ದುವವರಿಗೆ, ಲೆಕ್ಕದ ಹಾಳೆಗಳಲ್ಲಿ ಓಡಾಡುವವರಿಗೆ, ಕೈ ನಡುಗುವವರಿಗೆ ಖಂಡಿತ ಹೇಳುತ್ತೇನೆ. ಒಂದು ತಿಂಗಳ ತಾಳ್ಮೆ ಇಟ್ಟುಕೊಂಡೇ ಶುರು ಮಾಡಿ. ನೋವು ಆಗಲೇ ಜೋರಿದ್ದರೆ ಮೊದಲು ವೈದ್ಯರನ್ನು ನೋಡಿ.

ಬೆರಳಿನ ಸಾಲು ನಾಲ್ಕಕ್ಕೇ ನಿಂತಿದೆಯಲ್ಲ, ಅದಕ್ಕೆ ಈ ವಾರ ಒಂದು ಬದಲಾವಣೆ ಮಾಡಿದ್ದೇನೆ. ಸ್ಕ್ರೋಲ್ ಉಂಗುರ ಬಿಟ್ಟು, ಎಡಗೈಯಲ್ಲಿ ಕೀಲಿಮಣೆಯ ಪುಟ ಇಳಿಸುವ ಕೀಲಿ ಒತ್ತುತ್ತಿದ್ದೇನೆ. ನಿನ್ನೆ ನೋಟ್‌ಬುಕ್ಕಿನಲ್ಲಿ ಐದು ಬರೆದೆ.